ಅವಳೊಬ್ಬಳ ಟಾರ್ಚ್ ಆರಲಿಲ್ಲ

"ಟಾರ್ಚ್ ಆರಿಸಿ, ಮೇಡಂ!"

ಕಿವಿಯ ಹತ್ತಿರವೇ ಪಿಸುದನಿ. ಅವಳಿಗೆ ಬೆವರು ಕಿತ್ತು ಬಂತು.

ಅದು ಕಾರು ನಿಲ್ಲಿಸುತ್ತಿದ್ದ ಹಳೆಯ ನೆಲಮಾಳಿಗೆ. ಅಲ್ಲಿ ಶೇಕ್ಸ್‌ಪಿಯರ್ ನಾಟಕ! ವೇದಿಕೆ ಇಲ್ಲ, ರಂಗದೀಪಗಳಿಲ್ಲ. ಪ್ರೇಕ್ಷಕರ ಕೈಗೇ ಒಂದೊಂದು ಟಾರ್ಚ್ ಕೊಟ್ಟಿದ್ದರು. ಅವರು ಬೆಳಕು ಬಿಟ್ಟಲ್ಲಿ ನಾಟಕ. ಮಲಗಿದ ರಾಜನ ಕೊಲೆಯಾಗುವಾಗ ಮಾತ್ರ ಎಲ್ಲರೂ ಆರಿಸಬೇಕು.

ಎಲ್ಲರೂ ಆರಿಸಿದರು. ಅವಳೊಬ್ಬಳದು ಉರಿಯುತ್ತಲೇ ಇತ್ತು.

'ಆರಿಸು... ಆರಿಸೇ!' ಎಂದಿತು ಮನಸ್ಸು. ಬೆರಳು ಕೇಳಬೇಕಲ್ಲ!

ಪಿಸುಗುಟ್ಟಿದವನು ನಾಟಕದ ನಿರ್ದೇಶಕ. ಕಾದು ಸಾಕಾಗಿ ಅವನೇ ಕೈ ಚಾಚಿ ಗುಂಡಿ ಒತ್ತಿಬಿಟ್ಟ.

ಕತ್ತಲು!

ಅವಳು ಕಿಟಾರನೆ ಕಿರುಚಿದಳು. ಕುರ್ಚಿ ಎಡವಿ, ಯಾರದೋ ಕಾಲು ತುಳಿದು, ಮೆಟ್ಟಿಲು ಹತ್ತಿ ಓಡಿಯೇ ಹೋದಳು.

ಬೇರೆ ಯಾರಾದರೂ ಓಡಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಇವಳು ಪತ್ರಿಕೆಯ ನಾಟಕ ವಿಮರ್ಶಕಿ. ನಟರು ಇಟ್ಟ ಅಡ್ಡಹೆಸರು 'ಕತ್ತರಿ'. ಕತ್ತರಿ ಅರ್ಧಕ್ಕೇ ಎದ್ದು ಹೋದಳೆಂದರೆ ಆ ನಾಟಕ ಎಕ್ಕುಟ್ಟಿ ಹೋದಂತೆ! ಪತ್ರಿಕೆಯಲ್ಲಿ ಬೈದು ಬರೆದರೆ ಜಾಗ ಖಾಲಿ ಮಾಡಿ ಎಂದು ಕಟ್ಟಡದ ಮಾಲೀಕ ಮರುದಿನ ಬೆಳಿಗ್ಗೆಯೇ ನಿರ್ದೇಶಕನಿಗೆ ಹೇಳಿಯೂ ಆಗಿತ್ತು.

"ಸಂಜೆಯೊಳಗೆ ವಿಮರ್ಶೆ ಕೊಡಮ್ಮ," ಎಂದರು ಸಂಪಾದಕರು.

ಏನಂತ ಕೊಡುವುದು? ಕೊನೆಯವರೆಗೆ ನೋಡದ ನಾಟಕದ ಬಗ್ಗೆ ಅವಳು ಒಂದಕ್ಷರ ಬರೆದವಳಲ್ಲ. ನಿಜ ಹೇಳೋಣವೆಂದರೆ... ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ಅಕ್ಕ ಇವಳನ್ನು ಕತ್ತಲೆ ಕೋಣೆಗೆ ತಳ್ಳಿ, ಚಿಲಕ ಹಾಕಿ, ಮರೆತೇ ಹೋಗಿದ್ದಳು. ಅಂದಿನಿಂದ ಇವಳು ದೀಪ ಆರಿಸಿ ಮಲಗಿದ್ದೇ ಇಲ್ಲ. ನಟರನ್ನೆಲ್ಲ ಹೆದರಿಸುವವಳಿಗೆ ಕತ್ತಲೆಯ ಭಯ ಅಂತ ಗೊತ್ತಾದರೆ? ಎಂಥ ನಗೆಪಾಟಲು!

ಮಧ್ಯಾಹ್ನ ಅವಳು ಅದೇ ಮೆಟ್ಟಿಲು ಇಳಿದಳು. ನಿರ್ದೇಶಕ ಒಬ್ಬನೇ ಟಾರ್ಚುಗಳಿಗೆ ಬ್ಯಾಟರಿ ಹಾಕುತ್ತ ಕೂತಿದ್ದ.

"ಉಳಿದದ್ದನ್ನೂ ಕತ್ತರಿಸೋಕೆ ಬಂದ್ರಾ?"

"ಇಲ್ಲ... ನಾಟಕ ಹಿಡಿಸದೆ ಓಡಿದ್ದಲ್ಲ. ನಂಗೆ... ಕತ್ತಲೆ ಅಂದ್ರೆ ಜೀವ ಹೋಗತ್ತೆ. ನಗಬೇಡಿ."

ಅವನು ನಗಲಿಲ್ಲ. ಮುಖ ಬಿಳಿಚಿಕೊಂಡಿತು.

"ಅಯ್ಯೋ! ಸೊಕ್ಕಿಗೆ ಆರಿಸ್ತಿಲ್ಲ ಅಂದ್ಕೊಂಡೆನಲ್ರೀ! ಕೇಳದೆ ಆರಿಸಿಬಿಟ್ಟೆ. ತಪ್ಪಾಯ್ತು."

ತಪ್ಪಾಯ್ತು! ಅಕ್ಕ ಕೂಡ ಇವತ್ತಿನವರೆಗೆ ಆ ಮಾತು ಅಂದಿರಲಿಲ್ಲ.

"ಉಳಿದದ್ದು ನಾನು ನೋಡ್ಬೇಕು. ಆದ್ರೆ ಆ ಕತ್ತಲೆ ದಾಟದೆ ನೋಡಿದ್ರೆ ನೋಡಿದ ಹಾಗಲ್ಲ."

ಅವನು ಒಂದು ಟಾರ್ಚ್ ಹಚ್ಚಿ ಅವಳ ಕೈಗೇ ಕೊಟ್ಟು, ಮೇಲಿನ ದೀಪ ಆರಿಸಿದ. ಪಕ್ಕದಲ್ಲಿ ಕೂತು ಅಂಗೈ ಚಾಚಿದ.

"ಯಾವಾಗ ಆಗತ್ತೋ ಆವಾಗ ನೀವೇ ಆರಿಸಿ. ಆಗ್ಲಿಲ್ವಾ, ಬಿಟ್ಬಿಡಿ."

ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. ಕಣ್ಣು ಮುಚ್ಚಿ... ಗುಂಡಿ ಒತ್ತಿದಳು.

ಜೀವ ಬಾಯಿಗೆ ಬಂತು. ಕೈ ಗಡಗಡ ನಡುಗುತ್ತಿತ್ತು. ತನ್ನದೇ? ಅಲ್ಲ... ಅವನದು!

"ನೀವ್ಯಾಕ್ರೀ ನಡುಗ್ತಿದ್ದೀರಾ?"

"ಸಂಜೆ ನೀವೇನು ಬರೀತೀರೋ ಅಂತ..."

ಅಷ್ಟು ಭಯದಲ್ಲೂ ಅವಳಿಗೆ ನಗು ಬಂತು.

"ವಿಮರ್ಶೆ ನಾನು ಬರೆಯೋ ಹಾಗಿಲ್ಲ. ನಾಟಕ ನೋಡೋಕೆ ಸಂಪಾದಕರನ್ನೇ ಕಳಿಸ್ತೀನಿ. ನಾನು ಓಡಿದ್ದು ಯಾಕೆ ಅಂತ ಮಾತ್ರ ಪತ್ರಿಕೇಲಿ ನನ್ನ ಹೆಸರು ಹಾಕಿಯೇ ಬರೀತೀನಿ."

"ಜನ ನಗ್ತಾರೆ!"

"ನಗ್ಲಿ."

"ವಿಮರ್ಶೆ ಯಾಕೆ ಬರೆಯೋ ಹಾಗಿಲ್ಲ?"

"ನಿರ್ದೇಶಕರ ಕೈ ಬಿಡೋಕೇ ಮನಸ್ಸಿಲ್ಲದವಳು ಎಂಥ ವಿಮರ್ಶೆ ಬರೀತಾಳೆ?"

ಅವನು ಹಿಡಿತ ಇನ್ನಷ್ಟು ಬಿಗಿ ಮಾಡಿದ.

"ನಾನು ಪತ್ರಿಕೆ ತರಿಸೋದೇ ನಿಮ್ಮ ಬೈಗುಳ ಓದೋಕೆ. ಇನ್ನೇನು ಮಾಡ್ಲಿ?"

"ಎದುರಿಗೇ ಬೈತೀನಿ, ಬಿಡಿ."

"ಸರಿ... ಟಾರ್ಚ್ ಹಾಕ್ಲಾ?"

"ಬೇಡ," ಎಂದಳು ಅವಳು. "ಇನ್ನೂ ಸ್ವಲ್ಪ ಹೊತ್ತು..."