ಅತ್ತೆಗಂಡಿಯಲ್ಲಿ ತಿರುಗಿ ನೋಡಬಾರದು

“ನಮ್ಮಣ್ಣ ನೀರಿಗೆ ಬಿದ್ದದ್ದು ನಿನಗ ಗೊತ್ತಾತೋ ಇಲ್ಲೋ?”

“ಗೊತ್ತಾತು.”

“ತಿರುಗಿ ನೋಡಿದ್ಯಾ?”

“ಇಲ್ಲ.”

ಜಂಬವ್ವ ಕೈಯಲ್ಲಿದ್ದ ರುಮಾಲನ್ನು ಅವನ ಮುಖಕ್ಕೇ ಎಸೆದಳು!

ಅದು ಅವಳ ಅಣ್ಣ ಎರ್ರಿಯಪ್ಪನ ರುಮಾಲು. ಹರಗೋಲಿನಲ್ಲೇ ಉಳಿದಿತ್ತು. ಒಂದು ಹನಿಯೂ ತಾಗಿರಲಿಲ್ಲ. ರುಮಾಲು ಒಣಗಿದ್ದೇ ಮನೆಗೆ ಬಂತು. ಸುತ್ತಿಕೊಂಡವನು ಬರಲಿಲ್ಲ.

ಅದನ್ನು ತಂದುಕೊಟ್ಟವನು ಗಾದಿಲಿಂಗ. ಮಳೆಗಾಲದ ಕೆಲಸಕ್ಕೆಂದು ಕಂಪ್ಲಿಯಿಂದ ಹಂಪಿಯ ದೋಣಿಘಟ್ಟಕ್ಕೆ ಬಂದ ಅಂಬಿಗ. ಆ ದಿನ ಹರಗೋಲಿನ ಮುಂದೆ ಕೂತು ಹುಟ್ಟು ಹಾಕಿದವನು ಅವನೇ. ಎರ್ರಿಯಪ್ಪ ಹಿಂದೆ ನಿಂತು, ಉದ್ದನೆಯ ಗಳದಿಂದ ಬಂಡೆಗಳನ್ನು ದೂಡುತ್ತಿದ್ದ. ಗಳ ಬಂಡೆಯ ಸೀಳಿನಲ್ಲಿ ಸಿಕ್ಕಿಕೊಂಡಿತು. ಹರಗೋಲು ಮುಂದೆ ಹೋಯಿತು. ಗಳ ಹಿಡಿದವನು ಅಲ್ಲೇ ಉಳಿದ.

ಅಣ್ಣನಿಗೆ ಬುತ್ತಿ ತಂದು ದಡದಲ್ಲಿ ನಿಂತಿದ್ದ ಜಂಬವ್ವ ಎಲ್ಲವನ್ನೂ ಕಂಡಿದ್ದಳು. ನೀರಿನ ಮೇಲೆ ಎದ್ದ ಅಣ್ಣನ ಕೈ... ಮತ್ತೆ, ಒಂದು ಸಲವೂ ತಿರುಗದ ಗಾದಿಲಿಂಗನ ಬೆನ್ನು!

“ಎಂಟು ಮಂದೀನ ದಂಡಿಗೆ ಮುಟ್ಟಿಸಿದ,” ಎಂದು ಘಟ್ಟದವರು ಅವನ ಪರ ಮಾತಾಡಿದರು.

‘ಒಂಬತ್ತನೆಯವನು ನನ್ನಣ್ಣ...’ ಎಂದು ಅವಳ ಮನಸ್ಸು ಚೀರಿತು.

ಗಾದಿಲಿಂಗ ಬಿದ್ದ ರುಮಾಲನ್ನು ಎತ್ತಿ, ಧೂಳು ಕೊಡವಿ, ಮಡಿಸಿ, ಅವರ ಮನೆಯ ಕಟ್ಟೆಯ ಮೇಲಿಟ್ಟು ಹೋದ. ಕ್ಷಮೆ ಕೇಳಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ಆಗಿನ್ನೂ ತುಂಗಭದ್ರೆಗೆ ಆಣೆಕಟ್ಟು ಇರಲಿಲ್ಲ. ಈಚೆ ದಡ ಮದ್ರಾಸಿನ ದೊರೆಗಳದು, ಆಚೆ ದಡ ನಿಜಾಮನದು. ನಡುವಿನ ನೀರು ಯಾರದೆಂದು ಕೇಳಲು ಇಳಿದವರು ಬಹಳ ಮಂದಿ. ಉತ್ತರ ತಂದವರು ಯಾರೂ ಇಲ್ಲ.

ಬೇಸಿಗೆಯಲ್ಲಿ ಹೊಳೆ ಸಾಧು. ಎಮ್ಮೆ ಚರ್ಮ ಹೊದಿಸಿದ ದುಂಡು ಹರಗೋಲಿನಲ್ಲಿ ಕೂತು, ಎಲೆ ಅಡಿಕೆ ಮೆಲ್ಲುತ್ತ ನೇರ ದಾಟಬಹುದು. ಹೊಳೆ ತುಂಬಿದಾಗ ಮಾತ್ರ ಸೆಳವು ಹರಗೋಲನ್ನು ಎಳೆದುಕೊಂಡು ಹೋಗಿ, ಗುಡ್ಡದಂಥ ಎರಡು ಬಂಡೆಗಳ ನಡುವಿನ ಸಂದಿಗೆ ತುರುಕುತ್ತದೆ. ಅದನ್ನು ದಾಟಿದರೆ ಕೆಳಗೆ ಶಾಂತವಾದ ಮಡು. ದಾಟದಿದ್ದರೂ ಮಡುವೇ. ಆದರೆ ತಳದಲ್ಲಿ.

ಎರ್ರಿಯಪ್ಪ ಬಿದ್ದ ಆ ಸಂದಿಗೆ ಅತ್ತೆಗಂಡಿ ಎಂದು ಹೆಸರು. ನಯವಾಗಿ ಒಳಗೆ ಕರೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಉಸಿರಾಡಲು ಬಿಡುವುದಿಲ್ಲ. ಹೆಸರಿಟ್ಟವಳು ಯಾವುದೋ ಮನೆಯ ಸೊಸೆಯೇ ಇರಬೇಕು.

ಎರ್ರಿಯಪ್ಪನ ಹೆಣ ಸಿಗಲಿಲ್ಲ. ಅವನ ರುಮಾಲನ್ನೇ ಮುಂದಿಟ್ಟುಕೊಂಡು ಕಾರ್ಯ ಮುಗಿಸಿದರು. ಘಟ್ಟದ ಹಿರಿಯ ಉಚ್ಚೆಂಗಪ್ಪ ಗಂಟಲು ಸರಿಮಾಡಿಕೊಂಡ.

“ದ್ಯಾಮಕ್ಕಾ, ನಿಮ್ಮ ಮನಿ ಪಾಳಿ ಐತಿ ಘಟ್ಟದಾಗ. ಬರೂ ಮಳಿಗಾಲದಾಗ ನಿಮ್ಮನ್ಯಾಗಿಂದ ಒಂದು ಕೈ ಹುಟ್ಟು ಹಿಡೀಬೇಕು. ಇಲ್ಲಾಂದ್ರ ಪಾಳಿ ಹೋಕ್ಕೈತಿ.”

ಜಂಬವ್ವನ ತಾಯಿ ದ್ಯಾಮಕ್ಕ ತಲೆ ಎತ್ತಲಿಲ್ಲ. ಆ ಮನೆಯಲ್ಲಿ ಗಂಡು ಕೈ ಇನ್ನೆಲ್ಲಿತ್ತು?

“ನಾ ಹಿಡೀತೀನಿ!”

ಎಲ್ಲರೂ ಜಂಬವ್ವನ ಕಡೆಗೆ ತಿರುಗಿದರು. ಒಬ್ಬಿಬ್ಬರು ನಕ್ಕರು.

“ಯವ್ವಾ, ಇದು ರೊಟ್ಟಿ ತಟ್ಟೋ ಕೆಲಸ ಅಲ್ಲ.”

“ಹೊಳಿಗೆ ಗಂಡಸು ಬೇಕಿತ್ತು, ಕೊಟ್ಟೀವಿ. ಇನ್ನ ಉಳಿದಾಕಿ ನಾನ.”

ನಗು ನಿಂತಿತು.

ಘಟ್ಟದಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಹರಗೋಲಿನಿಂದ ಹೊಳೆ ಒಬ್ಬನನ್ನು ತೆಗೆದುಕೊಂಡರೆ, ಅದೇ ಹರಗೋಲಿನಲ್ಲಿ ಉಳಿದು ಬಂದ ಅಂಬಿಗನೇ ಸತ್ತವನ ಮನೆಯವರಿಗೆ ಹುಟ್ಟು ಕಲಿಸಬೇಕು. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ! ಎರಡು ಗಾಯಗಳನ್ನು ಒಂದೇ ಬಟ್ಟೆಯಲ್ಲಿ ಕಟ್ಟಿದ ಹಾಗೆ.

“ಗಾದಿಲಿಂಗ ಕಲಿಸ್ತಾನ,” ಎಂದ ಉಚ್ಚೆಂಗಪ್ಪ.

ಜಂಬವ್ವ ಹಲ್ಲು ಕಚ್ಚಿದಳು. ‘ಕಲಿಸಲಿ! ಅವನ ಹತ್ತಿರವೇ ಕಲಿತು, ಅದೇ ಅತ್ತೆಗಂಡಿಯಲ್ಲಿ ತಿರುಗಿ ನೋಡಿ ತೋರಿಸುತ್ತೇನೆ. ನೋಡಬಹುದಿತ್ತು... ಇವನು ನೋಡಲಿಲ್ಲ, ಅಷ್ಟೇ!’

ಬೇಸಿಗೆ ಪೂರ್ತಿ ಪಾಠ ನಡೆಯಿತು.

ಮೊದಲ ಪಾಠ, ಹರಗೋಲು ತಿರುಗದಂತೆ ಹಿಡಿಯುವುದು. ಅವಳು ಎಡಕ್ಕೆ ಹುಟ್ಟು ಹಾಕಿದರೆ ಅದು ಬುಗುರಿ, ಬಲಕ್ಕೆ ಹಾಕಿದರೂ ಬುಗುರಿ. ದಡದ ಮೇಲಿನ ಎಮ್ಮೆಗಳಿಗೂ ತಲೆ ಸುತ್ತು ಬಂತೆಂದು ಘಟ್ಟದವರು ಇಂದಿಗೂ ಹೇಳುತ್ತಾರೆ. ಅದರಲ್ಲಿ ಒಂದು ಎಮ್ಮೆ ಆ ವಾರ ಹಾಲನ್ನೇ ಕೊಡಲಿಲ್ಲವಂತೆ.

“ಮುಂದ ಹಾಕು. ನಿನ್ನ ಕಡಿಗೆ ಎಳಕೋ,” ಎನ್ನುತ್ತಿದ್ದ ಗಾದಿಲಿಂಗ.

“ಗೊತ್ತೈತಿ, ಕಂಪ್ಲಿಯವನ!”

ಅವನ ಹೆಸರನ್ನು ಅವಳು ಬಾಯಿಗೆ ತರುತ್ತಿರಲಿಲ್ಲ. ಕಂಪ್ಲಿಯವನು ಎಂದಷ್ಟೇ ಕರೆಯುತ್ತಿದ್ದಳು, ಅದೂ ಉಗುಳುವ ಹಾಗೆ.

ಎರಡನೆಯ ಪಾಠ, ನೀರನ್ನು ಓದುವುದು. “ನೀರು ಬೆಳ್ಳಗ ನಗಾಕತ್ತಿದ್ರ ಅಡ್ಯಾಗ ಕಲ್ಲೈತಿ ಅಂತ ತಿಳಿ. ಕರ್ರಗ ಸುಮ್ನ ಹೊಂಟಿದ್ರ ಅದಾ ದಾರಿ.”

“ಸುಮ್ನ ಇರೋರ್ನ ನಂಬಬೇಕೇನು?”

ಅವನು ಸುಮ್ಮನೆ ದೂರದ ಬಂಡೆಯನ್ನು ನೋಡಿದ. ಅವನ ಕಣ್ಣ ಕೆಳಗಿನ ಕಪ್ಪು ಅವಳಿಗೆ ಆ ದಿನವೇ ಮೊದಲ ಬಾರಿಗೆ ಕಂಡಿತು. ‘ಇವನಿಗೂ ನಿದ್ದೆ ಇಲ್ಲವಾ?’ ಎನಿಸಿತು. ಹಾಗೆ ಎನಿಸಿದ್ದಕ್ಕೇ ತನ್ನ ಮೇಲೆ ಸಿಟ್ಟು ಬಂತು.

ಒಂದು ದಿನ ಅವಳ ಅಂಗೈಯ ಬೊಬ್ಬೆ ಒಡೆದು ಹುಟ್ಟಿನ ಹಿಡಿ ಕೆಂಪಾಯಿತು. ಮರುದಿನ ಬಂದಾಗ ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಯಾರು ಸುತ್ತಿದ್ದೆಂದು ಅವಳು ಕೇಳಲಿಲ್ಲ. ಬಟ್ಟೆಯನ್ನು ಬಿಚ್ಚಲೂ ಇಲ್ಲ...

ಕೊನೆಯ ಪಾಠ ಕಲ್ಲಿನದು. ಕಲಿಯುವವರ ಹರಗೋಲಿನಲ್ಲಿ ಮನುಷ್ಯರ ಬದಲು ಕಲ್ಲುಗಳು ಕೂರುತ್ತವೆ. ಅವುಗಳನ್ನು ಅತ್ತೆಗಂಡಿ ದಾಟಿಸಿದರೆ ಮಾತ್ರ ಮುಂದೆ ಮನುಷ್ಯರು. ಘಟ್ಟದ ಕಲ್ಲುಗಳು ಎಷ್ಟು ಸಲ ದಾಟಿದ್ದವೆಂದರೆ, ಒಂದು ಗುಂಡುಕಲ್ಲು ತಾನೇ ಉರುಳಿ ಬಂದು ಹರಗೋಲು ಹತ್ತುತ್ತದೆಂದು ಉಚ್ಚೆಂಗಪ್ಪ ಆಣೆ ಮಾಡುತ್ತಿದ್ದ.

ಮುಂಗಾರಿನ ಮೊದಲ ನೀರು ಬಂದಿತ್ತು. ಗಾದಿಲಿಂಗ ಗಳ ಹಿಡಿದು ಹಿಂದೆ ನಿಂತ. ಜಂಬವ್ವ ಮುಂದೆ ಕೂತಳು. ಕಲಿಯುವವರ ಪದ್ಧತಿಯಂತೆ ಸೊಂಟಕ್ಕೆ ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡಿದ್ದಳು. ಮುಳುಗಿದರೆ ಅವು ತೇಲಿಸುತ್ತವೆ. ಕಲಿತ ಅಂಬಿಗರು ಮಾತ್ರ ಅವನ್ನು ಮುಟ್ಟುವುದಿಲ್ಲ, ಅದು ಅವರಿಗೆ ನಾಚಿಕೆ. ಅಣ್ಣ ಬಿದ್ದ ದಿನ ಅವನಿಗೂ ಅವಳು ಬುರುಡೆ ಹಿಡಿದು ನಿಂತಿದ್ದಳು. “ನಾನೇನು ಕೂಸೇನಬೇ?” ಎಂದು ನಕ್ಕು ಹೋಗಿದ್ದ.

ಅತ್ತೆಗಂಡಿ ಬಂತು. ಎರಡೂ ಕಡೆ ಕಪ್ಪು ಬಂಡೆ. ಕಿವಿ ತುಂಬ ಮೊರೆತ. ನೀರು ಅವಳನ್ನು ನಯವಾಗಿ ಒಳಗೆ ಎಳೆದುಕೊಂಡಿತು.

‘ಈಗ... ಈಗಲೇ ತೋರಿಸುತ್ತೇನೆ!’

ಜಂಬವ್ವ ತಿರುಗಿ ನೋಡಿದಳು.

ಕಣ್ಣು ಮಿಟುಕಿಸುವಷ್ಟು ಹೊತ್ತು. ಗಳ ಹಿಡಿದ ಗಾದಿಲಿಂಗನ ಮುಖ ಕಂಡಿತು. ಅದರಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಮಾತ್ರ ಇತ್ತು...

ಹುಟ್ಟು ಒಂದೇ ಒಂದು ಎಳೆತ ತಪ್ಪಿತು. ಹರಗೋಲು ಅಡ್ಡ ತಿರುಗಿ ಬಂಡೆಗೆ ಬಡಿದು ಮಗುಚಿತು.

ಮಡುವಿನಲ್ಲಿ ಎದ್ದಾಗ ಅವಳ ಜಡೆ ಗಾದಿಲಿಂಗನ ಮುಷ್ಟಿಯಲ್ಲಿತ್ತು. ಅವನು ಅವಳನ್ನು ದಡಕ್ಕೆ ಎಳೆದು ಹಾಕಿದ. ಅವಳು ಕೆಮ್ಮಿ ಕೆಮ್ಮಿ ನೀರು ಕಾರಿದಳು. ಆಮೇಲೆ ಮಡುವಿನ ಕಡೆ ನೋಡುತ್ತ ಕುಳಿತಳು. ಕಲ್ಲುಗಳು ಒಂದೂ ಉಳಿದಿರಲಿಲ್ಲ. ಆ ಗುಂಡುಕಲ್ಲೂ ಇರಲಿಲ್ಲ.

‘ಆ ಕಲ್ಲುಗಳ ಜಾಗದಲ್ಲಿ ಎಂಟು ಮಂದಿ ಇದ್ದಿದ್ದರೆ...’

ಒಂದು ವರ್ಷ ಹಿಡಿದುಕೊಂಡಿದ್ದ ದ್ವೇಷ ನಿಲ್ಲಲು ಜಾಗವಿಲ್ಲದೆ ತೂರಾಡಿತು.

“ಆ ದಿನ... ನಿನಗ ಹೆಂಗ ಗೊತ್ತಾತು, ಅವ ಬಿದ್ದ ಅಂತ?” ಎಂದು ಕೇಳಿದಳು.

“ಹರಗೋಲು ಹಗುರಾತು.”

“ಅವ ಕರದನೇನು?”

“ಕರದ.”

“ನಿನ್ನ?”

ಗಾದಿಲಿಂಗ ಒದ್ದೆ ಧೋತರದ ಅಂಚು ಹಿಂಡಿದ.

“ನಿನ್ನ ಹೆಸರು ಕರದ ಜಂಬವ್ವ. ಎರಡು ಸಲ. ಕೇಳಿಸಿತು. ಕೇಳಿಸಿದ್ರೂ ತಿರುಗಲಿಲ್ಲ. ಈಗೂ ಕೇಳಸ್ತೈತಿ.”

“ಇಷ್ಟ್ ದಿನ ಯಾಕ ಹೇಳಲಿಲ್ಲ?”

“ನೀ ನನ್ನ ಬೈಯಾಕತ್ತಿದ್ದಿ. ಬೈದ್ರ ನಿನಗ ಒಂದೀಟು ಹಗುರಾಕ್ಕೈತಿ ಅಂತ...”

ಆ ದಿನ ಜಂಬವ್ವ ಅಣ್ಣನಿಗಾಗಿ ಮೊದಲ ಬಾರಿಗೆ ಗಟ್ಟಿಯಾಗಿ ಅತ್ತಳು. ಗಾದಿಲಿಂಗ ಅವಳಿಗೆ ಬೆನ್ನು ಮಾಡಿ ಕುಳಿತ, ಅವಳ ಅಳು ನೋಡಬಾರದೆಂದು. ಅವನ ಭುಜವೂ ನಡುಗುತ್ತಿತ್ತು.

ಅವಳು ಮತ್ತೆ ಕಲ್ಲು ಹೇರಿದಳು. ಈ ಸಲ ದಾಟಿಸಿದಳು.

ದೊಡ್ಡ ನೀರು ಬಂದದ್ದು ಉರಿಬಿಸಿಲಲ್ಲಿ. ಇಲ್ಲಿ ಆಕಾಶ ತೊಳೆದ ತಟ್ಟೆ. ಮಳೆ ಬಿದ್ದದ್ದು ಎಲ್ಲೋ ಮೇಲೆ. ಹೊಳೆ ಮಾತ್ರ ನೋಡನೋಡುತ್ತ ಕೆಂಪಾಗಿ ಏರಿತು. ನಡುಗಡ್ಡೆಗೆ ನಾಟಿಗೆ ಹೋಗಿದ್ದ ಐದು ಮಂದಿ ಹೆಂಗಸರು ಅಲ್ಲೇ ಸಿಕ್ಕಿಬಿದ್ದರು. ನೀರು ಅವರ ಮೊಣಕಾಲು ಮುಟ್ಟಿತ್ತು.

ಅಂದು ಪಾಳಿ ಜಂಬವ್ವನ ಮನೆಯದು.

“ಹಿಂದ ನಾ ನಿಂದರ್ತೀನಿ,” ಎಂದ ಗಾದಿಲಿಂಗ. “ಮುಂದ ನೀ.”

ಹಿಂದೆ ಎಂದರೆ ಎರ್ರಿಯಪ್ಪ ನಿಂತ ಜಾಗ. ಅವಳು ತನ್ನ ಸೊಂಟದ ಬುರುಡೆಗಳನ್ನು ಬಿಚ್ಚಿ ಅವನ ಮುಂದೆ ಹಿಡಿದಳು.

“ಕಟ್ಕೋ.”

“ಮಂದಿ ನಗ್ತಾರ.”

“ನಮ್ಮಣ್ಣನೂ ಹಿಂಗ ಅಂದಿದ್ದ.”

ಗಾದಿಲಿಂಗ ಎರಡೂ ಕೈ ಮೇಲೆತ್ತಿ ನಿಂತ. ಅವಳು ಬಿಗಿಯಾಗಿ ಗಂಟು ಹಾಕಿದಳು. ದಡದಿಂದ ಯಾರೋ ಕೂಗಿದರು, “ಏಯ್ ಗಾದೀ, ಕೂಸಿಗೆ ಉಡದಾರ ಕಟ್ಟಿದ್ರೇನಲೇ?” ಘಟ್ಟವೆಲ್ಲ ನಕ್ಕಿತು. ಅವನು ನಗಲಿಲ್ಲ, ಬಿಚ್ಚಲೂ ಇಲ್ಲ.

ನಡುಗಡ್ಡೆಯಲ್ಲಿ ಹೆಂಗಸರು ಹತ್ತಿದರು. ಎಲ್ಲರಿಗಿಂತ ಹಿರಿಯಳು ವಿರುಪಮ್ಮ.

“ಯವ್ವಾ, ಹುಟ್ಟು ಹಾಕಾಕಿ ನೀನಾ? ಹಂಗಾರ ನಾ ಇಲ್ಲೇ ಸಾಯ್ತೀನಿ ಬಿಡು, ನೆಲದ ಮ್ಯಾಲ.”

“ನೆಲ ಎಲ್ಲೈತಿ ಚಿಗವ್ವ? ಕುಂದ್ರು ಸುಮ್ನ, ಕಲ್ಲಿನಂಗ.”

ಅತ್ತೆಗಂಡಿ ಆ ದಿನ ನಯವನ್ನೂ ಮರೆತಿತ್ತು. ಎಲ್ಲ ಕಡೆ ಬಿಳಿ ನೀರು. ಕಪ್ಪು ದಾರಿ ಒಂದು ಸೀರೆಯ ಅಂಚಿನಷ್ಟು. ಜಂಬವ್ವ ಅದರ ಮೇಲೆ ಕಣ್ಣು ನೆಟ್ಟು ಎಳೆದಳು... ಎಳೆದಳು...

ಹಿಂದೆ ಫಟ್ಟೆಂದು ಗಳ ಮುರಿದ ಸದ್ದು!

ಹರಗೋಲು ಹಗುರವಾಯಿತು.

“ಅವ ಬಿದ್ದಾ! ಜಂಬವ್ವಾ, ಅವ ಬಿದ್ದಾ! ಹಿಂದ ನೋಡೇ!” ಎಂದು ವಿರುಪಮ್ಮ ಕಿರುಚಿದಳು.

ಜಂಬವ್ವನ ಕತ್ತು ತಾನಾಗಿ ತಿರುಗಲು ಹೊರಟಿತು. ಅವಳು ತುಟಿಯನ್ನು ರಕ್ತ ಬರುವಂತೆ ಕಚ್ಚಿದಳು. ‘ನನ್ನ ಹೆಸರು ಕರಿ... ಬದುಕಿದ್ದೀನಿ ಅಂತ ಒಂದು ಸಲ ಕರಿ...’

ಹಿಂದಿನಿಂದ ಯಾವ ದನಿಯೂ ಬರಲಿಲ್ಲ.

ಅವಳು ತಿರುಗಲಿಲ್ಲ.

ಐದು ಮಂದಿಯೂ ದಡ ಹತ್ತಿದರು. ವಿರುಪಮ್ಮ ನೆಲಕ್ಕೆ ಕುಸಿದು ಕೂತು, ಬದುಕಿಸಿದವಳನ್ನೇ ಬೈದಳು. “ಏನು ಎದಿಯೇ ನಿಂದು! ತಿರುಗೆರ ನೋಡಬಾರ್ದೇನ?”

ಒಂದು ವರ್ಷದ ಹಿಂದೆ ತಾನೇ ಎಸೆದ ಮಾತು, ತಿರುಗಿ ಬಂದು ಜಂಬವ್ವನ ಎದೆಗೆ ಬಡಿಯಿತು. ಆ ಮಾತಿಗೆ ಉತ್ತರವಿಲ್ಲವೆಂದು ಅವಳಿಗೆ ಈಗ ಗೊತ್ತಿತ್ತು.

ಹುಟ್ಟು ಬಿಸಾಡಿ, ಮಡುವಿನ ಅಂಚಿನಲ್ಲಿ ಹುಚ್ಚಿಯಂತೆ ಓಡಿದಳು.

“ಗಾದಿಲಿಂಗಾ!... ಗಾದಿಲಿಂಗಾ!”

ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ಬಹಳ ಕೆಳಗೆ, ಜೊಂಡಿನ ನಡುವೆ ಎರಡು ಬುರುಡೆಗಳು ತೇಲುತ್ತಿದ್ದವು. ಅವುಗಳ ನಡುವೆ ಒಂದು ತಲೆ. ಅವಳು ಎದೆಮಟ್ಟದ ನೀರಿಗೆ ಇಳಿದು ಎಳೆದಳು. ಹಣೆ ಒಡೆದಿತ್ತು. ಮುಂದಿನ ಒಂದು ಹಲ್ಲನ್ನು ಅತ್ತೆಗಂಡಿ ಕಾಣಿಕೆ ತೆಗೆದುಕೊಂಡಿತ್ತು. ಉಸಿರನ್ನು ಮಾತ್ರ ಅವನಿಗೇ ಬಿಟ್ಟಿತ್ತು.

ಅವನು ಕಣ್ಣು ತೆರೆದ. “ಐದೂ ಮಂದಿ...?”

“ಮುಟ್ಟಿಸೀನಿ.”

“ನಾ ಬಿದ್ದದ್ದು ಗೊತ್ತಾತೇನು?”

“ಗೊತ್ತಾತು.” ಅವಳ ದನಿ ಒಡೆಯಿತು. “ಹಗುರಾತು.”

“ತಿರುಗಿ ನೋಡಿದ್ಯಾ?”

“ಇಲ್ಲ.”

“ಚಲೋ ಮಾಡಿದಿ.”

ಅವಳು ಅವನ ಎದೆಗೆ ಗುದ್ದಿದಳು. “ಯಾಕ ಕರೀಲಿಲ್ಲ? ಒಂದು ಸಲ ಕರೀಬಾರ್ದಾ? ಸತ್ತಿ ಅಂತ ತಿಳಕೊಂಡೆ!”

“ಕರದಿದ್ರ ನೀ ತಿರುಗ್ತಿದ್ದಿ, ಜಂಬವ್ವ.” ಅವನು ನೋವಿನಿಂದ ಉಸಿರೆಳೆದುಕೊಂಡ. “ಬಾಯಾಗ ನಿನ್ನ ಹೆಸರಾ ಇತ್ತು. ಹಲ್ಲು ಕಚ್ಚಿ ಹಿಡಕೊಂಡಿದ್ದೆ. ಅದಕ್ಕಾ ಒಂದು ಹೋತು ನೋಡು.”

ಅವಳು ಅವನನ್ನು ತಬ್ಬಿಕೊಂಡು ಅತ್ತಳು... ನಡುವೆ ಬುರುಡೆಗಳು ಅಡ್ಡ ಬಂದರೂ ಬಿಡಲಿಲ್ಲ.

ನೀರು ಇಳಿದ ಮೇಲೆ ಅವರಿಬ್ಬರೂ ಹರಗೋಲನ್ನು ಘಟ್ಟಕ್ಕೆ ಹೊತ್ತು ತಂದರು. ಬೋರಲು ಹಾಕಿದ ಹರಗೋಲನ್ನು ತಲೆಯ ಮೇಲೆ ಹೊತ್ತು ಗಾದಿಲಿಂಗ ಮುಂದೆ, ಹುಟ್ಟು ಹಿಡಿದು ಅವಳು ಹಿಂದೆ. ಹಿಂದಿನಿಂದ ನೋಡಿದರೆ ಎರಡು ಕಾಲಿನ ಆಮೆ. ಅವನ ಸೊಂಟಕ್ಕೆ ಎರ್ರಿಯಪ್ಪನ ರುಮಾಲು ಬಿಗಿದಿತ್ತು. ದ್ಯಾಮಕ್ಕ ಬೆಳಿಗ್ಗೆ ತಾನೇ ಕೊಟ್ಟಿದ್ದಳು.

ಅತ್ತೆಗಂಡಿ ಎದುರಾದಾಗ ಇಬ್ಬರೂ ಒಂದು ಗಳಿಗೆ ನಿಂತರು. ಮತ್ತೆ ನಡೆದರು.

“ಆ ದಿನ ದಂಡ್ಯಾಗ ಏನೋ ಒದರಿದ್ಯಲ್ಲ,” ಎಂದಿತು ಆಮೆ. “ಇನ್ನೊಮ್ಮೆ ಒದರು.”

“ಲಗ್ನ ಗೊತ್ತಾದ ಮ್ಯಾಲ ಗಂಡನ ಹೆಸರು ಹಿಡೀಬಾರ್ದು.”

“ಇನ್ನೂ ಆಗಿಲ್ಲಲ್ಲ. ಈಗ ಕರಿ. ಒಂದಾ ಸಲ.”

ಜಂಬವ್ವ ಸುತ್ತ ನೋಡಿದಳು. ಬಂಡೆ, ನೀರು, ಬಿಸಿಲು. ಕೇಳುವವರು ಯಾರೂ ಇರಲಿಲ್ಲ.

“ಗಾದಿಲಿಂಗಾ...” ಎಂದಳು, ಮೆಲ್ಲಗೆ.

ಅವನು ಹರಗೋಲು ಸಮೇತ ತಿರುಗಿ ನೋಡಿದ.