ಎರಡನೆಯ ಪಟ್ಟಿ

ಲೋಕಯ್ಯ ಮೂಲ್ಯರ ಶ್ವಾಸಕೋಶದ ಒಂದು ಚೂರು, ಸಾಸಿವೆ ಕಾಳಿಗಿಂತ ಚಿಕ್ಕದು, ಗಾಜಿನ ಬಿಲ್ಲೆಯ ಮೇಲೆ ಕುಳಿತು ಯಂತ್ರದೊಳಗೆ ಸರಿಯಿತು. ಮಂಗಳೂರಿನ ನ್ಯಾಯಮಂಡಳಿಯ ಸಭಾಂಗಣದಲ್ಲಿ ಎಲ್ಲರೂ ಅದನ್ನೇ ನೋಡುತ್ತಿದ್ದರು. ಹೊಲಿಗೆ ಯಂತ್ರದಷ್ಟೇ ದೊಡ್ಡದಾದ ಆ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟತೊಡಗಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಸುಗಂಧಿಗೆ ಮಾತ್ರ ಒಂದೇ ಯೋಚನೆ: ತನ್ನ ಗಂಡ ತೀರಿಕೊಂಡು ಎಂಟು ತಿಂಗಳಾಗಿದೆ, ಆದರೂ ಅವರದ್ದೆನ್ನುವ ಒಂದಿಷ್ಟು ಇನ್ನೂ ಈ ಕೋಣೆಯಲ್ಲಿ ಉಂಟಲ್ಲ.

ಆ ಯಂತ್ರಕ್ಕೆ ಹೊಗೆಜಾಡು ಎಂದು ಹೆಸರು. ಅದನ್ನು ಕಟ್ಟಿದವರು ಡಾ. ಫ್ಲಾವಿಯಾ ಮಸ್ಕರೇನ್ಹಸ್. ಅದುವರೆಗೆ ತಂಬಾಕಿನ ಕಂಪನಿಗಳನ್ನು ಕೋರ್ಟಿಗೆ ಎಳೆದಾಗಲೆಲ್ಲ ಅವು ಒಂದೇ ಪ್ರಶ್ನೆ ಕೇಳಿ ಪಾರಾಗುತ್ತಿದ್ದವು: ಈ ಮನುಷ್ಯ ಸೇದಿದ್ದು ನಮ್ಮ ಬೀಡಿಯನ್ನೇ ಎನ್ನುವುದಕ್ಕೆ ಏನು ಸಾಕ್ಷಿ? ಸಾಕ್ಷಿ ಶ್ವಾಸಕೋಶದಲ್ಲೇ ಇದೆ ಎಂದು ಫ್ಲಾವಿಯಾ ತೋರಿಸಿಕೊಟ್ಟರು. ಹೊಗೆಸೊಪ್ಪು ಬೆಳೆದ ಮಣ್ಣಿನಲ್ಲಿರುವ ಲೋಹಗಳ ಕಣಗಳು ಎಲೆಗೆ ಏರುತ್ತವೆ, ಎಲೆ ಸುಟ್ಟಾಗ ಮಸಿಯೊಂದಿಗೆ ಎದೆಯೊಳಗೆ ಇಳಿದು ಅಲ್ಲೇ ಕೂರುತ್ತವೆ. ಪ್ರತಿಯೊಂದು ಕಂಪನಿಯೂ ಬೇರೆ ಬೇರೆ ಊರಿನ ಸೊಪ್ಪನ್ನು ತನ್ನದೇ ಅಳತೆಯಲ್ಲಿ ಬೆರೆಸುವುದರಿಂದ ಆ ಕಣಗಳ ಲೆಕ್ಕವೂ ಕಂಪನಿಯಿಂದ ಕಂಪನಿಗೆ ಬೇರೆ. ಇದಕ್ಕೆ ಅವರು ಮಸಿಗುರುತು ಎಂದು ಹೆಸರಿಟ್ಟರು. ಎರಡು ವರ್ಷಗಳ ಹಿಂದೆ ಬಂದ ಹೊಸ ಕಾಯ್ದೆ ಈ ಗುರುತನ್ನೇ ನಂಬಿ ನಿಂತಿತ್ತು. ತಾನು ಮಾರಿದ ಮಾಲಿನ ಮಸಿಗುರುತು ರೋಗಿಯ ಎದೆಯಲ್ಲಿ ಸಿಕ್ಕರೆ ಕಂಪನಿ ಪರಿಹಾರ ಕೊಟ್ಟು ಆ ಮನೆಯ ಹೊಣೆ ಹೊರಬೇಕು. ಕರಾವಳಿಯಲ್ಲಿ ಅದರಡಿ ವಿಚಾರಣೆಗೆ ಬಂದ ಮೊದಲ ಅರ್ಜಿ ಸುಗಂಧಿಯದು.

ಯಂತ್ರ ಒಂದು ಕಾಗದವನ್ನು ಹೊರಹಾಕಿತು. ಅದರಲ್ಲಿ ಎರಡು ಬಣ್ಣದ ಪಟ್ಟಿಗಳಿದ್ದವು. ಫ್ಲಾವಿಯಾ ಮೊದಲನೆಯದನ್ನು ಓದಿದರು. "ಈ ಮಸಿ ಜೋಡಿದೋಣಿ ಬೀಡಿ ಕಂಪನಿಯ ಸೊಪ್ಪಿನದು. ಸಂಶಯವಿಲ್ಲ."

ಸುಗಂಧಿ ಉಸಿರು ಬಿಟ್ಟಳು. ಮೂವತ್ತೊಂದು ವರ್ಷ ಅವಳು ಬೀಡಿ ಕಟ್ಟಿದ್ದು ಅದೇ ಕಂಪನಿಗೆ. ಗಂಡ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಬರುವಷ್ಟರಲ್ಲಿ ಇವಳು ಜಗಲಿಯಲ್ಲಿ ತಡ್ಪೆ ಎನ್ನುವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಂಟುನೂರು ಬೀಡಿ ಮುಗಿಸಿರುತ್ತಿದ್ದಳು.

ಕಂಪನಿಯ ವಕೀಲರು ಎದ್ದು ಕಾಗದವನ್ನು ಬೆಳಕಿಗೆ ಹಿಡಿದರು. "ಡಾಕ್ಟರ್, ಈ ಎರಡನೆಯ ಪಟ್ಟಿ ಯಾವುದು?"

ಫ್ಲಾವಿಯಾ ಅದರ ಕಡೆ ನೋಡಿದರು. ಓದುವ ಮೊದಲು ಅವರು ಒಂದು ಕ್ಷಣ ತಡೆದದ್ದನ್ನು ಸುಗಂಧಿ ಗಮನಿಸಿದಳು.

"ಅದು ಕಾವುಗುರುತು. ಕಟ್ಟಿದ ಬೀಡಿಗಳನ್ನು ಕಂಪನಿಯವರು ಪೇಟೆಗೆ ಕಳಿಸುವ ಮೊದಲು ಭಟ್ಟಿಯಲ್ಲಿಟ್ಟು ಕಾಯಿಸುತ್ತಾರೆ. ಹಾಗೆ ಕಾದ ಸೊಪ್ಪಿನ ಮಸಿ ಬೇರೆ, ಕಾಯದ ಸೊಪ್ಪಿನ ಮಸಿ ಬೇರೆ. ಅದನ್ನು ಈ ಪಟ್ಟಿ ಹೇಳುತ್ತದೆ."

"ಇಲ್ಲಿ ಏನು ಹೇಳುತ್ತಿದೆ?"

"ನೂರರಲ್ಲಿ ತೊಂಬತ್ತಾರು ಪಾಲು ಕಾಯದ ಸೊಪ್ಪಿನದು."

"ಹಾಗಾದರೆ ಈ ಬೀಡಿಗಳು ನಮ್ಮ ಭಟ್ಟಿಯನ್ನು ಕಂಡೇ ಇಲ್ಲ. ಅಂಗಡಿಗೂ ಹೋಗಿಲ್ಲ." ವಕೀಲರ ದನಿ ಮೆತ್ತಗೇ ಇತ್ತು. "ಹಾಗಿದ್ದರೆ ಲೋಕಯ್ಯನವರ ಕೈಗೆ ಅವು ಎಲ್ಲಿಂದ ಬಂದವು?"

ಇಡೀ ಸಭಾಂಗಣದಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ಸುಗಂಧಿಗೆ ಒಬ್ಬಳಿಗೇ. ನ್ಯಾಯಾಧೀಶರು ಅರ್ಧ ಗಂಟೆ ಬಿಡುವು ಕೊಟ್ಟರು.

ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ ಫ್ಲಾವಿಯಾ ಬಂದು ಅವಳ ಪಕ್ಕ ಕುಳಿತರು. ಸುಗಂಧಿಯೇ ಮೊದಲು ಕೇಳಿದಳು.

"ಡಾಕ್ಟ್ರೇ, ಆ ಎರಡನೇ ಪಟ್ಟಿ ತಪ್ಪುವುದುಂಟಾ?"

"ಇಲ್ಲಮ್ಮ."

"ಚೂರೂ ಇಲ್ವಾ?"

"ನಾಲ್ಕು ವರ್ಷ ಅದರ ಮೇಲೇ ಕೆಲಸ ಮಾಡಿದ್ದೇನೆ. ತಪ್ಪುವುದಿಲ್ಲ."

ಸುಗಂಧಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವಾಗ ಚೆಕ್ಕರ್ ಕೆಲವನ್ನು ಆರಿಸಿ ಹಿಂದೆ ಬಿಸಾಡ್ತಾನೆ. ತುದಿ ಸರಿ ಮಡಚಲಿಲ್ಲ, ಎಲೆ ಹರಿದಿದೆ, ಸಡಿಲ ಆಗಿದೆ ಅಂತ ಹೇಳಿ. ದಿನಕ್ಕೆ ಮೂವತ್ತು, ಕೆಲವು ದಿನ ನಲ್ವತ್ತು. ಅದನ್ನು ನಾನು ಮನೆಗೆ ತರ್ತಿದ್ದೆ. ಮದುವೆಯಾದ ಹೊಸತರಲ್ಲಿ ಅವರು ಅಪರೂಪಕ್ಕೆ ಸೇದುವವರು, ಕೆಲಸದ ಮೇಲೆ ಒಂದು, ಎರಡು. ಅಂಗಡಿಗೆ ಹೋಗಿ ಕಾಸು ಕೊಡಬೇಕಿದ್ದರೆ ಅಷ್ಟೇ ಇರ್ತಿತ್ತೋ ಏನೋ. ಮನೆಯಲ್ಲೇ ಡಬ್ಬ ತುಂಬಿಸಿ ಇಟ್ಟವಳು ನಾನು. ಖಾಲಿಯಾದರೆ ಅವರು ಕೇಳುವ ಮೊದಲೇ ತುಂಬಿಸ್ತಿದ್ದೆ."

ಸುತ್ತಿದ್ದ ಸೆರಗನ್ನು ಅವಳು ಬೆರಳಿನಿಂದ ಬಿಚ್ಚಿದಳು.

"ಕಂಪನಿಯ ತಪ್ಪು ಅಂತ ಯಂತ್ರ ಹೇಳಿದರೆ ಮನಸ್ಸಿಗೆ ಸ್ವಲ್ಪ ಹಗುರ ಆಗ್ತದೆ ಅಂತ ಬಂದೆ, ಡಾಕ್ಟ್ರೇ."

ಬಿಡುವಿನ ನಂತರ ಅವಳನ್ನು ಸಾಕ್ಷಿಕಟ್ಟೆಗೆ ಕರೆದರು. ಸುಳ್ಳು ಹೇಳಬಹುದಿತ್ತು. ಬ್ರಾಂಚಿನಿಂದ ಯಾರೋ ಕದ್ದು ಮಾರುತ್ತಿದ್ದರು ಎಂದರೆ ಅಲ್ಲಗಳೆಯುವವರು ಯಾರೂ ಇರಲಿಲ್ಲ. ಅವಳು ಮೊಗಸಾಲೆಯಲ್ಲಿ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ ಹೇಳಿದಳು.

"ಅಂದರೆ ಕಂಪನಿ ಇವರಿಗೆ ಬೀಡಿ ಮಾರಿಲ್ಲ, ಸ್ವಾಮಿ," ಎಂದರು ವಕೀಲರು. "ಕಂಪನಿ ಬೇಡವೆಂದು ಬಿಸಾಡಿದ್ದನ್ನು ಇವರೇ ಒಯ್ದು ಗಂಡನಿಗೆ ಕೊಟ್ಟಿದ್ದಾರೆ. ಕಾಯ್ದೆ ಇರುವುದು ಮಾರಿದ ಮಾಲಿಗೆ."

ನ್ಯಾಯಾಧೀಶರು ಕನ್ನಡಕ ತೆಗೆದು ಸುಗಂಧಿಯ ಕಡೆ ತಿರುಗಿದರು. "ಅಮ್ಮ, ಹಿಂದೆ ಕೊಟ್ಟ ಬೀಡಿಯ ಸೊಪ್ಪು, ಎಲೆಯ ನಷ್ಟ ಯಾರು ಭರಿಸುತ್ತಿದ್ದರು?"

"ನಾವೇ ಸ್ವಾಮಿ. ಮಜೂರಿಯಲ್ಲಿ ಹಿಡೀತಿದ್ದರು. ಪುಸ್ತಕದಲ್ಲಿ ಬರೀತಿದ್ದರು."

"ಪ್ರತಿ ಸಲವೂ?"

"ಬಿಟ್ಟ ದಿನ ಇಲ್ಲ."

ಮೂರು ವಾರದ ಮೇಲೆ ತೀರ್ಪು ಬಂತು. ಬೆಲೆ ಹಿಡಿದುಕೊಂಡು ಮಾಲನ್ನು ಕೈಗಿತ್ತರೆ ಅದು ಮಾರಾಟವೇ. ಹಾಗಾಗಿ ಹಿಂದಿರುಗಿಸಿದ ಪ್ರತಿಯೊಂದು ಬೀಡಿಯನ್ನೂ ಕಂಪನಿ ಸುಗಂಧಿಗೆ ಮಾರಿದಂತಾಯಿತು. ಕಂಪನಿ ಪೂರ್ತಿ ಹೊಣೆ ಹೊರಬೇಕೆಂದು ಮಂಡಳಿ ಹೇಳಿತು. ಪತ್ರಿಕೆಗಳು ಇದನ್ನು ದೊಡ್ಡ ಗೆಲುವೆಂದು ಬರೆದವು. ಎರಡನೆಯ ಪಟ್ಟಿಯ ಸಂಗತಿಯನ್ನೂ ಬಿಡದೆ ಬರೆದವು. ಅದೂ ಊರೂರಿಗೆ ತಲುಪಿತು.

ಸಾವಿರಾರು ಮನೆಗಳು ಇನ್ನು ಅರ್ಜಿ ಹಾಕುತ್ತವೆಂದು ಸರ್ಕಾರ ಮಂಗಳೂರಿನಲ್ಲಿ ಒಂದು ಪರೀಕ್ಷಾ ಕೇಂದ್ರ ತೆರೆಯಿತು. ಆರು ಯಂತ್ರ ತರಿಸಿ, ಅಂಗಳಕ್ಕೆ ಚಪ್ಪರ ಹಾಕಿಸಿ, ಕುಡಿಯುವ ನೀರಿಟ್ಟರು. ನಾಲ್ಕು ತಿಂಗಳಲ್ಲಿ ಬಂದವರು ಹನ್ನೊಂದು ಮಂದಿ. ಮೊದಲೇ ಅರ್ಜಿ ಹಾಕಿದ್ದವರೂ ಒಬ್ಬೊಬ್ಬರಾಗಿ ಹಿಂದೆಗೆದುಕೊಂಡರು. ಜೋಡಿದೋಣಿಯವರು ಬೆದರಿಸಿರಬೇಕೆಂದು ಅಧಿಕಾರಿಗಳು ವಿಚಾರಿಸಿ ನೋಡಿದರು. ಅಂಥದ್ದೇನೂ ಕಾಣಲಿಲ್ಲ. ಕಂಪನಿ ಯಾವ ಶ್ರಮವೂ ಇಲ್ಲದೆ ಪಾರಾಗುತ್ತಿತ್ತು.

ಒಂದು ಭಾನುವಾರ ಫ್ಲಾವಿಯಾ ಬಸ್ಸು ಹಿಡಿದು ಸುಗಂಧಿಯ ಮನೆಗೆ ಬಂದರು. ಸುಗಂಧಿ ಬೀಡಿ ಕಟ್ಟುವುದನ್ನು ಬಿಟ್ಟಿದ್ದಳು. ಚಾ ಕೊಟ್ಟು, ಎದುರಿಗೆ ನೆಲದ ಮೇಲೆ ಕುಳಿತಳು.

"ಯಾರೂ ಬರುತ್ತಿಲ್ಲಮ್ಮ. ಯಾಕೆಂದು ನನಗೆ ಅರ್ಥವಾಗುತ್ತಿಲ್ಲ."

"ಬರುವುದಿಲ್ಲ ಡಾಕ್ಟ್ರೇ. ಇಲ್ಲಿ ಬೀಡಿ ಕಟ್ಟದ ಮನೆ ಯಾವುದುಂಟು? ಹಿಂದೆ ಬಂದ ಬೀಡಿಯನ್ನು ಗಂಡನಿಗೋ ಅಪ್ಪನಿಗೋ ಕೊಡದವರು ಯಾರಿದ್ದಾರೆ? ಆಚೆ ಮನೆ ಝೊಹರಾಳ ಗಂಡ ಹಮ್ಮಬ್ಬ ಹಾಸಿಗೆ ಹಿಡಿದು ಆರು ತಿಂಗಳಾಯ್ತು. ಮದ್ದಿಗೆ ಬಳೆ ಮಾರಿದಳು. ಹೋಗಿ ಪರೀಕ್ಷೆ ಮಾಡಿಸು ಅಂದೆ. ನನ್ನ ಮುಖ ನೋಡಿ ಒಳಗೆ ಹೋದಳು." ಸುಗಂಧಿ ಝೊಹರಾಳ ಮನೆಯತ್ತ ನೋಡಿದಳು. "ಆ ಎರಡನೇ ಪಟ್ಟಿ ಕೇಳಿದ ಮೇಲೆ ನಾನು ಹೇಗಿದ್ದೇನೆ ಅಂತ ಅವಳು ದಿನಾ ನೋಡ್ತಾಳಲ್ಲ."

ಚಾ ಆರುತ್ತಿತ್ತು. ಫ್ಲಾವಿಯಾ ಅದನ್ನು ಮುಟ್ಟಿರಲಿಲ್ಲ.

"ತೀರ್ಪು ಬಂದ ಮೇಲೆ ಕಾವುಗುರುತಿನಿಂದ ಯಾವ ಉಪಯೋಗವೂ ಇಲ್ಲ," ಎಂದರು ನಿಧಾನವಾಗಿ. "ಬೀಡಿ ಅಂಗಡಿಯದಾದರೂ ಒಂದೇ, ಹಿಂದೆ ಬಂದದ್ದಾದರೂ ಒಂದೇ. ಮಂಡಳಿ ಒಪ್ಪಿದರೆ ಆ ಪಟ್ಟಿಯನ್ನು ಯಂತ್ರದಿಂದ ತೆಗೆಯಬಹುದು. ಆಮೇಲೆ ಅದನ್ನು ನಾನೂ ನೋಡುವ ಹಾಗಿರುವುದಿಲ್ಲ."

"ತೆಗೆಯಲಿಕ್ಕೆ ಎಷ್ಟು ಹೊತ್ತು ಬೇಕು?"

"ಒಂದು ಬೆಳಗ್ಗೆ ಸಾಕು."

ಸುಗಂಧಿ ತಲೆಯಾಡಿಸಿದಳು. ಅಷ್ಟು ಸುಲಭವಾಗಿತ್ತೇ ಎಂದು ಕೇಳಲಿಲ್ಲ. ಆದರೆ ಫ್ಲಾವಿಯಾರಿಗೆ ಆ ಪ್ರಶ್ನೆ ಕೇಳಿಸಿತು. ಅವರು ತಲೆ ತಗ್ಗಿಸಿದರು. "ಯಂತ್ರ ಎಷ್ಟು ಹೆಚ್ಚು ಹೇಳಿದರೆ ಅಷ್ಟು ಒಳ್ಳೆಯದು ಅಂದುಕೊಂಡಿದ್ದೆ. ನಿಮ್ಮ ವಿಷಯದಲ್ಲಿ ನಾನು ಯೋಚಿಸಬೇಕಿತ್ತು."

"ನೀವು ಇದ್ದದ್ದನ್ನೇ ಹೇಳಿದ್ದೀರಿ," ಎಂದಳು ಸುಗಂಧಿ. "ಚಾ ಬಿಸಿ ಮಾಡಿ ತರ್ತೇನೆ, ಕೊಡಿ."

ಮಂಡಳಿ ಒಪ್ಪಿಗೆ ಕೊಟ್ಟಿತು. ಅದರ ಮಾರನೆಯ ತಿಂಗಳು ಸುಗಂಧಿ ಝೊಹರಾಳನ್ನು ಕರೆದುಕೊಂಡು ಕೇಂದ್ರಕ್ಕೆ ಹೋದಳು. ಹಮ್ಮಬ್ಬನ ಶ್ವಾಸಕೋಶದಿಂದ ತೆಗೆದ ಚೂರನ್ನು ಆಸ್ಪತ್ರೆಯವರು ಹಿಂದಿನ ದಿನವೇ ಕಳಿಸಿದ್ದರು. ಚಪ್ಪರದ ಕೆಳಗೆ ಬೇರೆ ಬೇರೆ ಊರಿನ ಎಂಟು ಹತ್ತು ಹೆಂಗಸರು ಕುಳಿತಿದ್ದರು. ಒಬ್ಬೊಬ್ಬರ ನಡುವೆ ಒಂದು ಜಾಗ ಖಾಲಿ ಇತ್ತು.

"ಸುಗಂಧಿಯಕ್ಕ, ಅದನ್ನು ನಿಜವಾಗಿ ತೆಗೆದಿದ್ದಾರಾ?" ಝೊಹರಾ ಪಿಸುಗುಟ್ಟಿದಳು.

"ತೆಗೆದಿದ್ದಾರೆ. ನಾನು ಕೇಳಿ ತಿಳಿದುಕೊಂಡೇ ನಿನ್ನನ್ನು ಕರೆದದ್ದು."

"ಆದರೂ ನಾನು ಎಷ್ಟು ಕೊಟ್ಟಿದ್ದೇನೆ ಅಂತ ನನಗೆ ಗೊತ್ತುಂಟಲ್ಲ."

ಸುಗಂಧಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಎಲೆ ಕತ್ತರಿಸಿ ಕತ್ತರಿಸಿ ಹೆಬ್ಬೆರಳು ಜಡ್ಡುಗಟ್ಟಿತ್ತು.

ಹೆಸರು ಕರೆದಾಗ ಇಬ್ಬರೂ ಒಟ್ಟಿಗೇ ಒಳಗೆ ಹೋದರು. ಯಂತ್ರ ಗುಂಯ್‌ಗುಟ್ಟಿ ಕಾಗದವನ್ನು ಹೊರಹಾಕಿತು. ಅದರಲ್ಲಿ ಒಂದೇ ಪಟ್ಟಿ ಇತ್ತು. ಫ್ಲಾವಿಯಾ ಕಂಪನಿಯ ಹೆಸರನ್ನು ಓದಿ ಹೇಳಿದರು.

"ಅಷ್ಟೇಯಾ?" ಎಂದಳು ಝೊಹರಾ.

ಡಾಕ್ಟರು ಬಾಯಿ ತೆರೆಯುವ ಮೊದಲೇ ಸುಗಂಧಿ ಹೇಳಿದಳು. "ಅಷ್ಟೇ, ಝೊಹರಾ. ಬಾ, ಮನೆಗೆ ಹೋಗುವ. ನಿನ್ನ ಗಂಡನಿಗೆ ಊಟದ ಹೊತ್ತಾಯ್ತು."