ಗಿಡ್ಡ ಲಿಂಕಿಗೆ ಕೊಟ್ಟ ಒಪ್ಪಿಗೆ

"ಈ ಲಿಂಕ್ ಹಾಕಿದ ಮಹಾನುಭಾವರು ಯಾರು?"

ಹೊಬಾರ್ಟ್ ಕಚೇರಿಗೆ ಬಂದ ಮೊದಲ ದಿನವೇ ಆಂಗಸ್ ಟ್ರಿಫಿಟ್ ಎಲ್ಲರೆದುರು ಹೀಗೆ ಕೇಳಿಬಿಟ್ಟ.

"ನಾನೇ. ಏನೀಗ?" ಬ್ರಿಯೋನಿ ಎದ್ದು ನಿಂತಳು. ಕೆನ್ನೆ ಕೆಂಪೇರಿತ್ತು, ನಾಚಿಕೆಯಿಂದಲ್ಲ!

ಕಾಡ್ಗಿಚ್ಚು ಆರಿಸುವ ಸ್ವಯಂಸೇವಕರಿಗಾಗಿ ಮಾಡಿದ ಸಾಫ್ಟ್‌ವೇರ್ ಅದು. ಅದರ ಕೈಪಿಡಿ ಬರೆಯುವವಳು ಬ್ರಿಯೋನಿ, ಓದಿ ಒಪ್ಪಿಗೆ ಕೊಡಬೇಕಾದವನು ಆಂಗಸ್. ಅವನು ಒಪ್ಪದೆ ಒಂದು ಸಾಲೂ ಹೊರಗೆ ಹೋಗುವಂತಿರಲಿಲ್ಲ.

"ಗಿಡ್ಡ ಲಿಂಕ್ ಎಲ್ಲಿಗೆ ಕರ್ಕೊಂಡು ಹೋಗುತ್ತೆ ಅಂತ ನೋಡಿದ್ರೆ ಗೊತ್ತಾಗಲ್ಲ. ವಿಳಾಸ ಗಿಡ್ಡ ಮಾಡಿಕೊಡೋ ಮಧ್ಯದ ಕಂಪನಿ ಕೈಕೊಟ್ರೆ? ಪೂರ್ತಿ ವಿಳಾಸ ಹಾಕಿ."

"ರೀ, ನೀರು ಎಲ್ಲಿದೆ ಅಂತ ತೋರಿಸೋ ನಕ್ಷೆಯ ಲಿಂಕ್ ಇದು, ಪ್ರಿಂಟ್ ಮಾಡಿ ಬೆಂಕಿ ಆರಿಸೋ ಲಾರಿ ಬಾಗಿಲಿಗೆ ಅಂಟಿಸ್ತಾರೆ. ಹೊಗೆಯಲ್ಲಿ ಕಣ್ಣು ಉರೀತಿರುವಾಗ ಎಂಬತ್ತು ಅಕ್ಷರ ಒತ್ತೋಕಾಗುತ್ತಾ? ನಿಮ್ಮ ಕೈಲಾಗುತ್ತಾ?"

"ಹಾಗಾದ್ರೆ ನಮ್ಮದೇ ಒಂದು ಚಿಕ್ಕ ವಿಳಾಸ ಮಾಡೋಣ. ಒಂದು ತಿಂಗಳು ಸಾಕು."

"ಬೇಸಿಗೆ ನಿಮ್ಮ ತಿಂಗಳಿಗೆ ಕಾಯುತ್ತಾ?"

ಎರಡು ವಾರ ಹಾವು ಮುಂಗುಸಿಯಂತೆ ಕಚ್ಚಾಡಿದರು. ಮೂರನೇ ವಾರದ ಶುಕ್ರವಾರ ಆಂಗಸ್ ಚಿಪ್ಪುಮೀನು ತುಂಬಿ ಬೇಯಿಸಿದ ಬಿಸಿಬಿಸಿ ಸ್ಕಾಲಪ್ ಪೈ ಎರಡು ಹಿಡಿದು ಅವಳ ಮೇಜಿನ ಬಳಿ ನಿಂತ.

"ಒಪ್ಪಿಗೆ ಕೊಟ್ಟಿದ್ದೀನಿ. ಇನ್ನಾದ್ರೂ ಮುಖ ಸಡಿಲ ಮಾಡು."

ಬ್ರಿಯೋನಿಯ ಎದೆ ತುಂಬಿ ಬಂತು. ನನ್ನ ಮಾತಿಗೆ ಬೆಲೆ ಕೊಟ್ಟ ಮೊದಲ ಗಂಡಸು ಇವನು... ಅವಳು ಅವನಿಗೆ ಮನಸ್ಸು ಕೊಟ್ಟದ್ದು ಆ ದಿನವೇ. ವರ್ಷ ಕಳೆಯುವಷ್ಟರಲ್ಲಿ ಒಂದೇ ಮನೆ, ಬೆರಳಿಗೆ ಉಂಗುರ.

ಆಮೇಲೆ ಆ ಜನವರಿಯ ಉರಿಬೇಸಿಗೆ ಬಂತು.

ಹೊಬಾರ್ಟ್ ಹತ್ತಿರದ ಹ್ಯೂಆನ್ ಕಣಿವೆಯ ಕಾಡು ಹೊತ್ತಿಕೊಂಡಾಗ ಬೇರೆ ಊರಿನಿಂದ ನೆರವಿಗೆ ಬಂದ ತಂಡಕ್ಕೆ ನೀರು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಅವರು ಲಾರಿ ಬಾಗಿಲಿನ ಗಿಡ್ಡ ಲಿಂಕನ್ನು ಫೋನಿನಲ್ಲಿ ಒತ್ತಿದರು. ಮಧ್ಯದ ಕಂಪನಿ ಯಾವಾಗಲೋ ಬೇರೆಯವರ ಕೈ ಸೇರಿತ್ತು. ನೀರಿನ ನಕ್ಷೆಯ ಜಾಗದಲ್ಲಿ ಜೂಜಿನ ಪುಟ ತೆರೆದುಕೊಂಡಿತು.

ಬೆಂಕಿಯ ಬಗ್ಗೆ ನಡೆದ ವಿಚಾರಣೆಯಲ್ಲಿ ಆ ತಂಡದ ನಾಯಕಿ ಬೆವ್ ಹೇಳಿದ್ದಿಷ್ಟೇ: "ನಾವು ನೀರು ಹುಡುಕ್ತಿದ್ವಿ ಸ್ವಾಮಿ. ಅದು ಕುದುರೆ ರೇಸ್ ತೋರಿಸ್ತಿತ್ತು. ಉರೀತಿದ್ದ ಮನೆಯಿಂದ ಡಾಟ್ ಅನ್ನೋ ಅಜ್ಜಿನ ಎಳ್ಕೊಂಡು ಬಂದ್ವಿ. ಮನೆ ಉಳಿಸೋಕಾಗಲಿಲ್ಲ."

ಆಮೇಲೆ ಆಂಗಸ್ ಎದ್ದು ನಿಂತ. "ಆ ಲಿಂಕ್ ತಪ್ಪು ಅಂತ ನನಗೆ ಮೊದಲ ದಿನದಿಂದ ಗೊತ್ತಿತ್ತು. ಆದರೂ ಒಪ್ಪಿಗೆ ಕೊಟ್ಟೆ."

ಬ್ರಿಯೋನಿ ಥಟ್ಟನೆ ಅವನತ್ತ ತಿರುಗಿದಳು.

ಹೊರಗೆ ಬಂದವಳೇ ಅವನ ತೋಳು ಹಿಡಿದು ನಿಲ್ಲಿಸಿದಳು. "ಗೊತ್ತಿದ್ದೂ ಯಾಕೆ ಒಪ್ಪಿದೆ?"

"ನಿನ್ನ ಜೊತೆ ಜಗಳ ಆಡಿ ಸಾಕಾಗಿತ್ತು ಬ್ರಿ. ನೀನು ನಗಬೇಕಿತ್ತು ನನಗೆ... ಅಷ್ಟೇ."

"ನಾನು ಹೇಳಿದ್ದು ಸರಿ ಅಂತ ನೀನು ಒಪ್ಪಿದೆ ಅಂದ್ಕೊಂಡಿದ್ದೆ ಕಣೋ! ಪೈ ಕೊಟ್ಟು ಮಗು ಥರ ಸಮಾಧಾನ ಮಾಡಿದ್ಯಾ?"

"ನಿನ್ನನ್ನ ಪ್ರೀತಿಸಿದ್ದೆ."

"ಒಂದೇ ಒಂದು ಸಲ ಗಟ್ಟಿಯಾಗಿ 'ಬೇಡ' ಅಂದಿದ್ರೆ ಆ ಮುದುಕಿಗೆ ಇವತ್ತು ಮನೆ ಇರ್ತಿತ್ತು!"

ಅವಳು ಹಟ ಮಾಡಿದ್ದೂ ನಿಜ, ತಿಂಗಳು ಕಾಯಲಾರದೆ ಹೋದದ್ದೂ ನಿಜ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಮಾತು ಇನ್ನಷ್ಟು ಹರಿತವಾಯಿತು. ಆ ಸಂಜೆಯೇ ಆಂಗಸ್ ಬಟ್ಟೆ ತುಂಬಿಕೊಂಡು ಅಣ್ಣನ ಮನೆಗೆ ಹೋದ.

ಬ್ರಿಯೋನಿ ಒಂಬತ್ತು ದಿನ ಕೂತು ಕೈಪಿಡಿಯನ್ನು ಹೊಸದಾಗಿ ಬರೆದಳು. ಗಿಡ್ಡ ಲಿಂಕುಗಳನ್ನು ತೆಗೆದು ಅಗ್ನಿಶಾಮಕ ದಳದ ಸ್ವಂತ ವಿಳಾಸಗಳನ್ನೇ ಹಾಕಿದಳು. ಎಲ್ಲೂ ತಪ್ಪಿಲ್ಲ ಎಂದುಕೊಂಡೇ ಕಳಿಸಿದಳು. ಓದಿ ಒಪ್ಪಬೇಕಾದವನು ಈಗಲೂ ಅವನೇ! ಈ ಸಲ ಕಣ್ಮುಚ್ಚಿ ಒಪ್ಪುತ್ತಾನೆ, ತಪ್ಪಿತಸ್ಥನಲ್ಲವೇ... ಎಂದು ಕಹಿಯಾಗಿ ನಕ್ಕಳು.

ಒಂದು ಗಂಟೆಯಲ್ಲಿ ಉತ್ತರ ಬಂತು.

"ಒಪ್ಪಲಾರೆ. ಒಂಬತ್ತನೇ ಪುಟದ ಕೆಳಗೆ ಹಳೆಯ ಗಿಡ್ಡ ಲಿಂಕ್ ಒಂದು ಉಳಿದುಕೊಂಡಿದೆ. ಇದನ್ನು ಬರೆದರೆ ನೀನು ಮತ್ತೆಂದೂ ನನ್ನ ಜೊತೆ ಮಾತಾಡದೆ ಇರಬಹುದು. ಆದರೂ ಒಪ್ಪಲಾರೆ."

ಬ್ರಿಯೋನಿ ಪುಟ ತೆರೆದು ನೋಡಿದಳು. ಲಿಂಕ್ ಅಲ್ಲೇ ಇತ್ತು. ಇದೂ ಹೊರಗೆ ಹೋಗಿದ್ದರೆ? ಇನ್ಯಾರ ಮನೆ? ತಡೆದಿದ್ದ ಅಳು ಈಗ ಒತ್ತರಿಸಿಕೊಂಡು ಬಂತು. ಅಳುತ್ತಲೇ ಫೋನ್ ಮಾಡಿದಳು.

"ಬೇಡ ಅಂದ್ಯಲ್ಲೋ..."

"ಅಂದೆ."

"ಭಯ ಆಗಲಿಲ್ವಾ?"

"ಆಯ್ತು. ಈಗಲೂ ಆಗ್ತಿದೆ."

"ನಾನು ಎಷ್ಟೇ ಸಿಟ್ಟು ಮಾಡಿದ್ರೂ ಬೇಡ ಅಂತೀಯಾ? ಮನೇಲೂ?"

"ಅಂತೀನಿ. ಅತ್ತರೂ ಅಂತೀನಿ."

ಅವಳು ಕಣ್ಣೊರೆಸಿಕೊಂಡಳು. "ಅಜ್ಜಿಗೆ ಮನೆ ಇಲ್ಲ ಆಂಗಸ್. ನಮಗಿದೆ ಅನ್ನೋಕೂ ನಾಚಿಕೆಯಾಗುತ್ತೆ."

"ನನಗೂ ಬ್ರಿ."

"ಆದ್ರೂ ಬಾ... ಒಬ್ಬಳಿಗೇ ಈ ಭಾರ ಹೊರೋಕಾಗ್ತಿಲ್ಲ."

"ಬಂದೆ."